ಕ್ಷಯಕ್ಕೆ ತೊಗರಿಬೇಳೆಯೂ ಮದ್ದು

ಕಳೆದ ತಿಂಗಳು ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ಗಿರಣಿಯ ಮಿತ್ರರೊಬ್ಬರು ದಾರಿಯಲ್ಲಿ ನಮ್ಮನ್ನು ನಿಲ್ಲಿಸಿ, ಕೈಚೀಲದಿಂದ ಒಂದು ಬಾಟಲಿ ತೆಗೆದು ತೋರಿಸಿದರು. ಕೆಂಪು ಬಣ್ಣದ ಟಾನಿಕ್ಕು. ಮೇಲಂಟಿಸಿದ ಚೀಟಿಯಲ್ಲಿ ಜೀವಸತ್ವಗಳ, ಖನಿಜಗಳ ಹೆಸರು ಸಾಲಾಗಿ ಅಚ್ಚಾಗಿದ್ದವು. ಅವರ ಅಣ್ಣನಿಗೆ ಕ್ಷಯ. ಸರಕಾರಿ ದವಾಖಾನೆಯ ಮಾತ್ರೆ ಶುರುವಾಗಿ ಎರಡು ವಾರವಾಗಿತ್ತು. ಎರಡು ಕೋಣೆಯ ಮನೆ, ಏಳು ಜನ, ಅವರಲ್ಲಿ ಮೂವರು ಸಣ್ಣ ಮಕ್ಕಳು.

"ಮಾಸ್ತರ, ಇದನ್ನ ಕುಡಿಸಿದ್ರ ಹುಡುಗರಿಗೆ ರೋಗ ತಾಗೂದಿಲ್ಲಂತ ಔಷಧಿ ಅಂಗಡ್ಯಾಂವ ಹೇಳಿದ. ಖರೇ ಏನ್ರಿ?"

ಬೆಲೆ ಕೇಳಿದೆವು. ಅರ್ಧ ದಿನದ ಪಗಾರ. ದುಡ್ಡು ಹೇಗೆ ಹೊಂದಿಸಿದಿರಿ ಎಂದು ಕೇಳಿದೆವು. "ಈ ವಾರ ಬ್ಯಾಳಿ ಕಡಿಮಿ ತಂದೇವ್ರಿ" ಎಂದರು.

ದಾರಿಯಲ್ಲಿ ನಿಂತು ಕೊಡುವ ಉತ್ತರ ಅದಾಗಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ಈ ಮಿತ್ರರೊಬ್ಬರದೇ ಪ್ರಶ್ನೆ ಇದಲ್ಲ. ಮನೆಯಲ್ಲಿ ಒಬ್ಬರಿಗೆ ಕೆಮ್ಮು ಹಿಡಿದು ಕಫದಲ್ಲಿ ರೋಗಾಣು ಕಂಡಿತೆಂದರೆ, ಉಳಿದವರನ್ನು ಕಾಪಾಡುವುದು ಹೇಗೆಂಬ ಚಿಂತೆ ಗಿರಣಿ ಚಾಳಿನಲ್ಲೂ ಉಂಟು, ಪೇಟೆಯ ಸಣ್ಣ ಅಂಗಡಿಯ ಹಿಂದಿನ ಕೋಣೆಯಲ್ಲೂ ಉಂಟು.

ಅಂಗಡಿಯವ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಮೊದಲು ಆ ಅರ್ಧವನ್ನೇ ನೋಡೋಣ.

ಕ್ಷಯದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಜಗತ್ತಿಗೆ ತೋರಿಸಿಕೊಟ್ಟ. ಅಲ್ಲಿಯವರೆಗೆ ವಂಶದ ದೋಷ, ಕರ್ಮ, ಕೆಟ್ಟ ಗಾಳಿ ಎಂದೆಲ್ಲ ಜನ ಹೇಳುತ್ತಿದ್ದರು. ರೋಗಾಣುವಿಲ್ಲದೆ ಕ್ಷಯವಿಲ್ಲ, ಇದು ನಿಶ್ಚಯ. ಆದರೆ ರೋಗಾಣು ಹೊಕ್ಕವರಿಗೆಲ್ಲ ಕ್ಷಯವಾಗುವುದಿಲ್ಲ, ಇದೂ ಅಷ್ಟೇ ನಿಶ್ಚಯ. ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ಕಾಲು ಭಾಗದವರ ಮೈಯಲ್ಲಿ ಈ ರೋಗಾಣು ಒಮ್ಮೆಯಾದರೂ ಹೊಕ್ಕಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಇಡೀ ಆಯುಷ್ಯದಲ್ಲಿ ರೋಗಿಗಳಾಗುವವರು ನೂರಕ್ಕೆ ಐದರಿಂದ ಹತ್ತು ಜನ. ಉಳಿದ ತೊಂಬತ್ತು ಮಂದಿಯಲ್ಲಿ ಅದನ್ನು ಹಿಡಿದಿಟ್ಟಿರುವುದು ಏನು?

ಮೈಯ ಪಹರೆ. ಶ್ವಾಸಕೋಶದೊಳಗೆ ರೋಗಾಣು ಬಂದು ಬಿದ್ದ ಕೂಡಲೇ ಅಲ್ಲಿಯ ಕಾವಲು ಕಣಗಳು ಅದನ್ನು ನುಂಗುತ್ತವೆ. ಬೇರೆ ರೋಗಾಣುವಾದರೆ ಅಲ್ಲಿಗೆ ಮುಗಿಯಿತು. ಇದು ಗಟ್ಟಿ ಪಿಂಡ; ಮೇಣದಂಥ ಹೊದಿಕೆಯುಳ್ಳದ್ದು; ನುಂಗಿದ ಕಣದ ಹೊಟ್ಟೆಯಲ್ಲೇ ಬದುಕಿಕೊಂಡಿರಬಲ್ಲದು. ಆಗ ರಕ್ತದಿಂದ ಇನ್ನಷ್ಟು ಬಿಳಿಯ ಕಣಗಳು ಬಂದು ಸುತ್ತಲೂ ಗೋಡೆ ಕಟ್ಟುತ್ತವೆ. ಒಳಗೆ ರೋಗಾಣು ಸೆರೆಯಾಳು, ಹೊರಗೆ ಪಹರೆ. ಈ ಪಹರೆ ವರ್ಷಗಟ್ಟಲೆ, ಎಷ್ಟೋ ಸಲ ಜೀವಮಾನವಿಡೀ ನಡೆಯಬೇಕು. ಮಾತ್ರವಲ್ಲ, ಕಾವಲು ಕಣಗಳು ಸಾಯುತ್ತಲೇ ಇರುತ್ತವೆ, ಹೊಸವು ಹುಟ್ಟುತ್ತಲೇ ಇರಬೇಕು. ಅವು ಹುಟ್ಟುವುದು ಯಾವುದರಿಂದ? ನಾವು ಉಂಡ ಅನ್ನದಿಂದ, ರೊಟ್ಟಿಯಿಂದ, ಬೇಳೆಯಿಂದ. ಇನ್ನೊಂದು ಕಾರಖಾನೆ ಅವುಗಳಿಗಿಲ್ಲ.

ಜೀವಸತ್ವ, ಖನಿಜಗಳ ಪಾತ್ರ ಬರುವುದು ಇಲ್ಲಿಯೇ. ಶಾಲೆಯಲ್ಲಿದ್ದಾಗ ನಾವೂ ಗೋಡೆಗೆ ನಕ್ಷೆ ತೂಗುಹಾಕಿ ಪಾಠ ಹೇಳಿದ್ದೇವೆ: ಎ ಇಲ್ಲದಿದ್ದರೆ ಇರುಳುಗುರುಡು, ಸಿ ಇಲ್ಲದಿದ್ದರೆ ಒಸಡಿನ ರಕ್ತ, ಡಿ ಇಲ್ಲದಿದ್ದರೆ ಸೊಟ್ಟ ಕಾಲು. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಮುಂಜಾನೆ ಏನೂ ತಿನ್ನದೆ ಬಂದ ಮಕ್ಕಳು ಅವರಲ್ಲಿ ಎಷ್ಟಿದ್ದರೆಂದು ಆಗ ನಾವು ಕೇಳಲಿಲ್ಲ. ಇರಲಿ. ಆ ನಕ್ಷೆಯಲ್ಲಿ ಇಲ್ಲದ ಸಂಗತಿಯೆಂದರೆ ಇವೇ ವಸ್ತುಗಳು ಸೋಂಕಿನ ಕಾದಾಟದಲ್ಲೂ ಕೆಲಸಕ್ಕೆ ಬರುತ್ತವೆಂಬುದು.

ಎ ಜೀವಸತ್ವವನ್ನೇ ತೆಗೆದುಕೊಳ್ಳಿ. ಮೂಗು, ಗಂಟಲು, ಶ್ವಾಸನಾಳ, ಕರುಳು, ಇವುಗಳ ಒಳಮೈಗೆ ಒದ್ದೆಯಾದ ಒಂದು ಪದರವಿದೆ. ಅದು ಮೈಯೊಳಕ್ಕೆ ಬರುವ ಬಾಗಿಲು. ಎ ಕಡಿಮೆಯಾದರೆ ಆ ಪದರ ಒಣಗಿ ಬಿರುಕು ಬಿಡುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಗ್ರೀನ್ ಮತ್ತು ಮೆಲನ್ಬಿ ಎಂಬ ಇಬ್ಬರು 1928ರಲ್ಲಿಯೇ ಇದನ್ನು ಸೋಂಕು ತಡೆಯುವ ಜೀವಸತ್ವವೆಂದು ಕರೆದರು. ಡಿ ಜೀವಸತ್ವದ ಕಥೆ ಇನ್ನೂ ಹಳೆಯದು. ಅದಕ್ಕೆ ಹೆಸರೇ ಇಲ್ಲದ 1840ರ ದಶಕದಲ್ಲಿ ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯ ವೈದ್ಯರು ಕ್ಷಯರೋಗಿಗಳಿಗೆ ಕಾಡ್ ಮೀನಿನ ಎಣ್ಣೆ ಕುಡಿಸುತ್ತಿದ್ದರು. ಚರ್ಮದ ಕ್ಷಯವನ್ನು ಬೆಳಕಿನಿಂದ ವಾಸಿ ಮಾಡಿದ ಡೆನ್ಮಾರ್ಕಿನ ಫಿನ್ಸೆನ್ನನಿಗೆ 1903ರಲ್ಲಿ ನೊಬೆಲ್ ಬಹುಮಾನ ಬಂತು. ಬಿಸಿಲು ಬಿದ್ದ ಚರ್ಮದಲ್ಲಿ ಡಿ ತಯಾರಾಗುತ್ತದೆಂಬುದು ಆಮೇಲೆ ತಿಳಿಯಿತು. ಕಾವಲು ಕಣವು ಕ್ಷಯದ ರೋಗಾಣುವನ್ನು ಗುರುತಿಸಿದ ಕೂಡಲೇ ಡಿ ಜೀವಸತ್ವವನ್ನು ಬಳಸಿಕೊಂಡು ರೋಗಾಣುವನ್ನು ಕೊಲ್ಲುವ ಒಂದು ಸಸಾರಜನಕವನ್ನು ತಯಾರಿಸುತ್ತದೆಂದು 2006ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ವಿಜ್ಞಾನಿಗಳು ತೋರಿಸಿದರು. ಹಗಲೆಲ್ಲ ನೂಲಿನ ಶೆಡ್ಡಿನಲ್ಲಿ ನಿಲ್ಲುವವರೂ, ಬೆಳಗಿನಿಂದ ರಾತ್ರಿಯವರೆಗೆ ಗಲ್ಲೆಯ ಮುಂದೆ ಕೂಡುವವರೂ ಬಿಸಿಲು ಕಾಣುವುದು ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ನೋಡಬೇಕು.

ಸಿ ಜೀವಸತ್ವವನ್ನು ಬಿಳಿಯ ಕಣಗಳು ತಮ್ಮೊಳಗೆ ದಟ್ಟವಾಗಿ ತುಂಬಿಟ್ಟುಕೊಳ್ಳುತ್ತವೆ. ನೆಲ್ಲಿಕಾಯಿ, ಪೇರಲ, ನಿಂಬೆಹಣ್ಣಿನಲ್ಲಿ ಅದು ಧಾರಾಳ. ಸತುವಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಇಷ್ಟು ಸಣ್ಣ ಪ್ರಮಾಣದ ಲೋಹ ಮನುಷ್ಯನಿಗೆ ಅವಶ್ಯವೆಂದೇ ಬಹುಕಾಲ ಯಾರೂ ನಂಬಿರಲಿಲ್ಲ. ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದರು ಇರಾನಿನ ಶಿರಾಜಿಗೆ ಹೋದಾಗ, ಇಪ್ಪತ್ತು ವರ್ಷದವರಾದರೂ ಹುಡುಗರಂತೆಯೇ ಕುಳ್ಳಗೆ ಉಳಿದ ರೈತರ ಮಕ್ಕಳನ್ನು ಕಂಡರು. ಅವರ ಊಟ ಹೆಚ್ಚಾಗಿ ಬರಿಯ ರೊಟ್ಟಿ. ಈ ರೋಗಿಗಳ ಬಗ್ಗೆ ಪ್ರಸಾದರು 1961ರಲ್ಲಿ ಬರೆದರು. ಕೊರತೆ ಸತುವಿನದೆಂದು ಮುಂದೆ ಸ್ಥಿರಪಡಿಸಿದರು. ಸತುವಿಲ್ಲದಿದ್ದರೆ ಸೋಂಕಿನೊಡನೆ ಕಾದಾಡುವ ಕಣಗಳಲ್ಲಿ ಮುಖ್ಯವಾದ ಒಂದು ಪಂಗಡವೇ ಸೊರಗುತ್ತದೆ. ಕ್ಷಯದ ಸೆರೆಮನೆಯ ಗೋಡೆ ಕಾಯುವುದು ಅದೇ ಪಂಗಡ.

ಕಬ್ಬಿಣದ ವಿಷಯ ಹೀಗೆ ನೇರವಲ್ಲ. ನಮ್ಮ ರಕ್ತಕ್ಕೆ ಕಬ್ಬಿಣ ಬೇಕು, ರೋಗಾಣುವಿಗೂ ಬೇಕು. ಸೋಂಕು ಬಂದಾಗ ಮೈ ತಾನಾಗಿಯೇ ಕಬ್ಬಿಣವನ್ನು ರಕ್ತದಿಂದ ತೆಗೆದು ಒಳಗೆ ಬಚ್ಚಿಡುತ್ತದೆ, ಕಳ್ಳರು ಬಂದರೆಂದು ತಿಳಿದ ಗೃಹಸ್ಥನು ಕಾಳಿನ ಹಗೇವು ಮುಚ್ಚುವ ಹಾಗೆ. ಕಬ್ಬಿಣದ ಔಷಧಿ ಕೊಟ್ಟಾಗ ಮಲಗಿದ್ದ ಕ್ಷಯ ಏಳಬಹುದೆಂದು ಫ್ರಾನ್ಸಿನ ವೈದ್ಯ ಟ್ರೂಸೊ ಹತ್ತೊಂಬತ್ತನೆಯ ಶತಮಾನದಲ್ಲೇ ತನ್ನ ವಿದ್ಯಾರ್ಥಿಗಳನ್ನು ಎಚ್ಚರಿಸಿದ್ದ. ಮಲೇರಿಯ ಬಹಳವಿರುವ ಆಫ್ರಿಕದ ಪೆಂಬಾ ದ್ವೀಪದಲ್ಲಿ ಚಿಕ್ಕ ಮಕ್ಕಳಿಗೆಲ್ಲ ಕಬ್ಬಿಣದ ಮಾತ್ರೆ ಕೊಟ್ಟ ಒಂದು ಪ್ರಯೋಗದ ಫಲ 2006ರಲ್ಲಿ ಪ್ರಕಟವಾಯಿತು. ಮಾತ್ರೆ ಪಡೆದವರಲ್ಲೇ ಆಸ್ಪತ್ರೆ ಸೇರಿದವರೂ ಸತ್ತವರೂ ಹೆಚ್ಚಾದ್ದರಿಂದ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹಾಗೆಂದು ಬಸುರಿ ಹೆಂಗಸರಿಗೆ ರಕ್ತ ಕಡಿಮೆಯೆಂದು ದವಾಖಾನೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಯಾರೂ ಎಸೆಯಬಾರದು. ಅದು ಪರೀಕ್ಷೆ ಮಾಡಿ ಕೊಟ್ಟದ್ದು. ಅಂಗಡಿಯಲ್ಲಿ ಕಂಡದ್ದನ್ನು ಕಂಡಷ್ಟು ಕುಡಿಯುವುದು ಬೇರೆ ಮಾತು.

ಇಷ್ಟು ಓದಿದವರು ಕೇಳಬಹುದು: ಜೀವಸತ್ವಕ್ಕೆ ಇಷ್ಟೆಲ್ಲ ಶಕ್ತಿಯಿದ್ದರೆ ಬಾಟಲಿ ಕೊಳ್ಳುವುದರಲ್ಲಿ ತಪ್ಪೇನು?

ಇದನ್ನು ವಿಜ್ಞಾನಿಗಳೂ ಕೇಳಿಕೊಂಡಿದ್ದಾರೆ. ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಮಂಗೋಲಿಯ ದೇಶದ ರಾಜಧಾನಿಯಲ್ಲಿ ಸುಮಾರು 8,800 ಶಾಲಾ ಮಕ್ಕಳನ್ನು ಎರಡು ಗುಂಪು ಮಾಡಿದರು. ಅಲ್ಲಿ ಚಳಿ ಹೆಚ್ಚು, ಮಕ್ಕಳ ರಕ್ತದಲ್ಲಿ ಡಿ ತೀರ ಕಡಿಮೆ. ಒಂದು ಗುಂಪಿಗೆ ವಾರಕ್ಕೊಮ್ಮೆ ಡಿ ಜೀವಸತ್ವ, ಇನ್ನೊಂದಕ್ಕೆ ಅದೇ ರೂಪದ ಪೊಳ್ಳು ಮಾತ್ರೆ, ಹೀಗೆ ಮೂರು ವರ್ಷ. 2020ರಲ್ಲಿ ಫಲ ಪ್ರಕಟವಾಯಿತು. ಕ್ಷಯದ ಸೋಂಕು ತಗುಲುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಕೊರತೆಯಿದ್ದ ಮಕ್ಕಳಿಗೆ, ಇಷ್ಟು ದಿನ, ಇಷ್ಟು ಶ್ರದ್ಧೆಯಿಂದ ಕೊಟ್ಟರೂ ಹೀಗಾಯಿತು. ಅಂದಮೇಲೆ ತಿಂಗಳಿಗೊಂದು ಬಾಟಲಿಯ ಟಾನಿಕ್ಕು ಏನು ಮಾಡೀತು?

ಕಾರಣ ಊಹಿಸುವುದು ಕಷ್ಟವಲ್ಲ. ಗಿರಣಿಯಲ್ಲಿ ಒಂದು ಬೆಲ್ಟು ಕಡಿದರೆ ಮಗ್ಗ ನಿಲ್ಲುತ್ತದೆ, ನಿಜ. ಆದರೆ ಬೆಲ್ಟು ಹೊಸದು ಹಾಕಿದರೆ ಸಾಕೇ? ಹತ್ತಿಯೇ ಇಲ್ಲದ ಗಿರಣಿಯಲ್ಲಿ ಬೆಲ್ಟು ಏನು ತಿರುಗಿಸುತ್ತದೆ? ಜೀವಸತ್ವ, ಖನಿಜಗಳು ಬೆಲ್ಟಿನ ಹಾಗೆ, ಎಣ್ಣೆಯ ಹಾಗೆ. ಅನ್ನ, ಬೇಳೆ, ಹಾಲು, ಮೊಟ್ಟೆ ಇವು ಹತ್ತಿಯ ಹಾಗೆ. ಕಣ ಕಟ್ಟಲು ಸಸಾರಜನಕ ಬೇಕು, ಮೈಗೆ ಕಾವು ಕೊಡಲು ಧಾನ್ಯ ಬೇಕು, ಜೀವಸತ್ವ ಅವುಗಳ ಜೊತೆಯಲ್ಲಿ ದುಡಿಯಬೇಕು. ಬೇಳೆ ಬಿಟ್ಟು ಟಾನಿಕ್ಕು ತಂದ ನಮ್ಮ ಮಿತ್ರರು ಹತ್ತಿ ಮಾರಿ ಬೆಲ್ಟು ತಂದ ಹಾಗಾಯಿತು. ಅವರನ್ನು ಜರೆಯುತ್ತಿಲ್ಲ. ಹಾಗೆ ಮಾಡೆಂದು ಅವರಿಗೆ ಹೇಳಿದವರು ಬೇರೆ ಇದ್ದಾರೆ. ದೊಡ್ಡ ಅಕ್ಷರದಲ್ಲಿ ಜಾಹೀರಾತು ಹಾಕಿ ಹೇಳುತ್ತಾರೆ.

ಹಾಗಾದರೆ ಊಟದಿಂದ ಕ್ಷಯ ತಡೆಯುವುದೆಂಬುದಕ್ಕೆ ಪುರಾವೆ ಇದೆಯೇ? ಇದೆ, ಅದೂ ನಮ್ಮ ದೇಶದ್ದೇ. ಅದರ ಮುಂದಾಳುಗಳು ಕರ್ನಾಟಕದಲ್ಲಿಯೇ ಕೆಲಸ ಮಾಡಿದವರು.

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ಅನುರಾಗ ಭಾರ್ಗವ, ಡಾಕ್ಟರ್ ಮಾಧವಿ ಭಾರ್ಗವ ದಂಪತಿಗಳು ಮೊದಲು ಛತ್ತೀಸಗಡದ ಹಳ್ಳಿಗಾಡಿನಲ್ಲಿ ಬಡವರ ಆಸ್ಪತ್ರೆಯೊಂದರಲ್ಲಿ ದುಡಿದಿದ್ದರು. ಅಲ್ಲಿಗೆ ಬಂದ ಸುಮಾರು 1,700 ಕ್ಷಯರೋಗಿಗಳ ತೂಕದ ಲೆಕ್ಕವನ್ನು ಅವರೂ ಅವರ ಸಂಗಡಿಗರೂ 2013ರಲ್ಲಿ ಪ್ರಕಟಿಸಿದರು. ಗಂಡಸರಲ್ಲಿ ಅರ್ಧಕ್ಕರ್ಧ ಜನ 42 ಕಿಲೋಗಿಂತ ಕೆಳಗೆ. ಹೆಂಗಸರಲ್ಲಿ ಅರ್ಧಕ್ಕರ್ಧ 34 ಕಿಲೋಗಿಂತ ಕೆಳಗೆ. ಮೂವತ್ತನಾಲ್ಕು ಕಿಲೋ! ಪೇಟೆಯ ವ್ಯಾಪಾರಿಗಳಿಗೆ ನಾವು ತೂಕದ ಅರ್ಥ ಹೇಳಬೇಕಾಗಿಲ್ಲ. ಒಂದು ಚೀಲ ಜೋಳದ ತೂಕವೂ ಇಲ್ಲದ ತಾಯಂದಿರು ಅವರು.

ರೋಗದಿಂದ ಸೊರಗಿದರೋ, ಸೊರಗಿದ್ದರಿಂದ ರೋಗ ಬಂತೋ? ಎರಡೂ ಇರಬಹುದು. ಇದನ್ನು ಬಿಡಿಸಿ ನೋಡುವ ಪರೀಕ್ಷೆ 2019ರ ಆಗಸ್ಟಿನಲ್ಲಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾಯಿತು. 2,800 ರೋಗಿಗಳು, ಅವರ ಜೊತೆ ಒಂದೇ ಮನೆಯಲ್ಲಿದ್ದ 10,345 ಮಂದಿ. ರೋಗಿಗಳಿಗೆಲ್ಲ ಮಾತ್ರೆಯ ಸಂಗಡ ತಿಂಗಳಿಗೆ 10 ಕಿಲೋದ ಆಹಾರದ ಗಂಟು: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಮನೆಯ ಉಳಿದವರಲ್ಲಿ ಒಂದು ಪಾಲಿನವರಿಗೆ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ದಿನವೂ ಜೀವಸತ್ವ ಖನಿಜಗಳ ಒಂದು ಮಾತ್ರೆ. ಇನ್ನೊಂದು ಪಾಲಿನ ಮನೆಗಳವರು ಎಂದಿನಂತೆ ತಮ್ಮ ಊಟ ಉಂಡರು.

2022ರ ಜುಲೈವರೆಗೆ ಇವರನ್ನು ಗಮನಿಸಿದರು. 2023ರ ಆಗಸ್ಟಿನಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲ ಅಚ್ಚಾಯಿತು. ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದದ್ದು ಶೇಕಡಾ 39ರಷ್ಟು ಕಡಿಮೆ. ಬೇರೆಯವರಿಗೆ ಹಬ್ಬಿಸುವಂಥ ಶ್ವಾಸಕೋಶದ ಕ್ಷಯವಂತೂ ಶೇಕಡಾ 48ರಷ್ಟು ಕಡಿಮೆ. ಎಂದರೆ ಸರಿಸುಮಾರು ಅರ್ಧ.

ಈ ಗಂಟನ್ನು ಸ್ವಲ್ಪ ಬಿಚ್ಚಿ ನೋಡೋಣ. ದಿನಕ್ಕೆ ತಲೆಗೆ 166 ಗ್ರಾಂ ಅಕ್ಕಿ, 50 ಗ್ರಾಂ ಬೇಳೆ. ಅದೇನು ರಾಜಭೋಜನವಲ್ಲ. ಒಂದು ಹೊತ್ತಿನ ಅನ್ನ, ಗಟ್ಟಿಯಾದ ಒಂದು ಬಟ್ಟಲು ಸಾರು. ವಿದೇಶದಿಂದ ತರಿಸಿದ ಯಾವ ಪುಡಿಯೂ ಅಲ್ಲ, ನಮ್ಮ ಕಿರಾಣಿ ಅಂಗಡಿಗಳಲ್ಲಿ ಚೀಲಗಟ್ಟಲೆ ಇರುವ ಸಾಮಾನು. ಖರ್ಚು ಆಗಿನ ದರದಲ್ಲಿ ತಲೆಗೆ ತಿಂಗಳಿಗೆ ಮುನ್ನೂರು ರೂಪಾಯಿಯ ಆಸುಪಾಸು. ಮಾತ್ರೆಯೂ ಇತ್ತು, ಆದರೆ ಬೇಳೆಯ ಬದಲಿಗಲ್ಲ, ಬೇಳೆಯ ಸಂಗಡ. ನಮ್ಮ ವಾದವೆಲ್ಲ ಈ ಒಂದು ಪದದಲ್ಲಿದೆ.

ರೋಗಿಗಳ ಸಂಗತಿಯನ್ನೂ ಹೇಳಬೇಕು. ಅವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ಚಿಕಿತ್ಸೆ ಶುರುವಾದಾಗ ಇರಬೇಕಾದ ತೂಕಕ್ಕಿಂತ ಕಡಿಮೆಯಿದ್ದರು. ಮೊದಲ ಎರಡು ತಿಂಗಳಲ್ಲಿ ತಮ್ಮ ತೂಕದ ನೂರನೇ ಐದು ಪಾಲು ಹೆಚ್ಚಿಸಿಕೊಂಡವರಲ್ಲಿ ಸಾವಿನ ಅಪಾಯ ಶೇಕಡಾ 61ರಷ್ಟು ಕಡಿಮೆ ಕಂಡಿತು. ಒಂದು ಪಾಲು ಹೆಚ್ಚಿದರೂ ಶೇಕಡಾ 13ರಷ್ಟು ಕಡಿಮೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಬಲ್ಲವರ ಆಕ್ಷೇಪಣೆ. ಮದರಾಸಿನಲ್ಲಿ 1956ರಲ್ಲಿ ಶುರುವಾಗಿ 1959ರಲ್ಲಿ ಪ್ರಕಟವಾದ ಪ್ರಸಿದ್ಧ ಪರೀಕ್ಷೆಯೊಂದಿದೆ. ಬಡ ಕುಟುಂಬಗಳ 193 ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಮ್ಮಿನಲ್ಲಿಟ್ಟು ಒಳ್ಳೆಯ ಊಟ, ವಿಶ್ರಾಂತಿ ಕೊಟ್ಟರು. ಉಳಿದವರು ಇಕ್ಕಟ್ಟಿನ ಮನೆಯಲ್ಲೇ ಇದ್ದು, ಸಿಕ್ಕದ್ದು ಉಂಡು, ಅದೇ ಮಾತ್ರೆ ತೆಗೆದುಕೊಂಡರು. ಒಂದು ವರ್ಷದ ಕೊನೆಗೆ ಎರಡು ಕಡೆಯವರೂ ಹೆಚ್ಚು ಕಡಿಮೆ ಒಂದೇ ಸಮನಾಗಿ ಗುಣವಾದರು. ಬಡವರಿಗೆ ಇದು ಮಹೋಪಕಾರವಾಯಿತು. ಹಾಸಿಗೆ ಸಿಗಲಿಲ್ಲವೆಂದು ಸಾಯುವ ಕಾಲ ಹೋಯಿತು. ಆದರೆ ಇದರಿಂದಲೇ, ಮಾತ್ರೆಯೊಂದಿದ್ದರೆ ಸಾಕು, ಊಟದ ಗೊಡವೆ ಬೇಡ ಎಂಬ ಮಾತೂ ಹುಟ್ಟಿಕೊಂಡು ಸರಕಾರಗಳಿಗೆ ಬಹಳ ಹಿತವಾಗಿ ಕೇಳಿಸಿತು.

ಆ ಪರೀಕ್ಷೆ ಕೇಳಿದ ಪ್ರಶ್ನೆ ಒಂದು: ಸರಿಯಾಗಿ ಮಾತ್ರೆ ನುಂಗಿದ ರೋಗಿ ಮನೆಯಲ್ಲೇ ಗುಣವಾದಾನೇ? ಆಗುತ್ತಾನೆ. ಇದನ್ನು ನಾವು ಎರಡು ಮಾತಿಲ್ಲದೆ ಒಪ್ಪುತ್ತೇವೆ. ಕ್ಷಯದ ರೋಗಾಣುವನ್ನು ಕೊಲ್ಲುವುದು ಔಷಧಿ. ಬೇಳೆ ತಿಂದು ಮಾತ್ರೆ ಬಿಟ್ಟವನನ್ನು ಯಾವ ಜೀವಸತ್ವವೂ ಉಳಿಸಲಾರದು. ಆದರೆ ಇನ್ನೂ ರೋಗಿಯಾಗದ ಅವನ ಮಕ್ಕಳು ರೋಗಿಗಳಾಗದಂತೆ ನೋಡುವುದು ಬೇರೆಯೇ ಪ್ರಶ್ನೆ. ಜಾರ್ಖಂಡ್ ಉತ್ತರಿಸಿದ್ದು ಅದಕ್ಕೆ.

ಇನ್ನೂ ಹಳೆಯ ಸಾಕ್ಷಿ ಒಂದುಂಟು. ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರ ಪ್ಯಾಪ್‌ವರ್ತ್ ಎಂಬಲ್ಲಿ ವೇರಿಯರ್ ಜೋನ್ಸ್ ಎಂಬ ವೈದ್ಯ 1918ರಲ್ಲಿ ಕ್ಷಯರೋಗಿಗಳದೇ ಒಂದು ಊರು ಕಟ್ಟಿದ. ರೋಗಿಗಳು ಹೆಂಡತಿ ಮಕ್ಕಳೊಡನೆ ಅಲ್ಲಿರುತ್ತಿದ್ದರು. ಗಾಳಿ ಬೆಳಕಿನ ಮನೆ, ಶಕ್ತಿಯಿದ್ದಷ್ಟು ಕೆಲಸ, ಕೆಲಸಕ್ಕೆ ಕೂಲಿ, ಹೊಟ್ಟೆ ತುಂಬ ಒಳ್ಳೆಯ ಊಟ. ಕ್ಷಯಕ್ಕೆ ಮೊದಲ ನಿಜವಾದ ಔಷಧಿ ಸ್ಟ್ರೆಪ್ಟೊಮೈಸಿನ್ ಕಂಡದ್ದು 1943ರಲ್ಲಿ. ಅದಕ್ಕೂ ಹಿಂದಿನ ಮಾತು ಇದು. ಆ ಊರಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ತಂದೆ ತಾಯಿಗಳಿಂದ ಸೋಂಕೇನೋ ತಗುಲಿತು, ಆದರೆ ರೋಗವಾಗಿ ಬಲಿತದ್ದು ಬಹಳ ಅಪರೂಪ. ಈ ಮರೆತ ಕಡತವನ್ನು ಮತ್ತೆ ತೆಗೆದು ಓದಿ 2012ರಲ್ಲಿ ಬರೆದವರಲ್ಲಿ ಅದೇ ಅನುರಾಗ ಭಾರ್ಗವರೂ ಒಬ್ಬರು.

ಮನೆಯಲ್ಲಿ ಏನು ಮಾಡಬಹುದು? ದುಡ್ಡಿಲ್ಲದವರಿಗೆ ಹಣ್ಣು ತಿನ್ನಿ, ಹಾಲು ಕುಡಿಯಿರಿ ಎಂದು ಉಪದೇಶ ಮಾಡುವುದು ನಮಗೆ ನಾಚಿಕೆಯ ಕೆಲಸ. ಆದರೆ ಇದ್ದುದರಲ್ಲೇ ನಷ್ಟವಾಗುವುದನ್ನು ತಡೆಯಬಹುದು. ಮಡಿಕೆ, ಹೆಸರು, ಹುರುಳಿ ಕಾಳುಗಳಲ್ಲಿ ಸತು, ಕಬ್ಬಿಣ ಇವೆ, ಆದರೆ ಕಾಳಿನಲ್ಲಿರುವ ಒಂದು ಅಂಶ ಅವು ಮೈಗೆ ಹತ್ತದಂತೆ ಹಿಡಿದಿಡುತ್ತದೆ. ನೆನೆಹಾಕಿ ಮೊಳಕೆ ಬರಿಸಿದರೆ, ಹಿಟ್ಟು ಹುಳಿ ಬರಿಸಿದರೆ ಆ ಹಿಡಿತ ಸಡಿಲುತ್ತದೆ. ನಮ್ಮ ಅಜ್ಜಿಯರ ಮೊಳಕೆಕಾಳು, ಹುಳಿ ಅಂಬಲಿ ಹುಚ್ಚಾಟವಾಗಿರಲಿಲ್ಲ. ಪಲ್ಲೆಗೆ ನಿಂಬೆ ಹಿಂಡಿದರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ. ಗಿರಣಿಯ ಊಟದ ಬಿಡುವಿನಲ್ಲಿ ಡಬ್ಬಿ ಮುಚ್ಚಿದ ಮರುಕ್ಷಣ ಚಹಾದಂಗಡಿಗೆ ಓಡುವವರು ಒಂದು ತಾಸು ತಡೆದರೆ ಒಳ್ಳೆಯದು. ಮೆಂತೆ, ರಾಜಗಿರಿ, ನುಗ್ಗೆ ತಪ್ಪಲಿನ ಎ ಅಂಶ ಎಣ್ಣೆಯಿಲ್ಲದೆ ಒಳಗಿಳಿಯದು, ಒಗ್ಗರಣೆಗೆ ಒಂದು ಚಮಚ ಎಣ್ಣೆ ಇರಲಿ, ಇಲ್ಲವೇ ಶೇಂಗಾ ಪುಡಿ ಇರಲಿ.

ಮೊಟ್ಟೆಯ ಮಾತೆತ್ತಿದರೆ ಕೆಲವರಿಗೆ ಸಿಟ್ಟು ಬರುತ್ತದೆ. 2021ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಏಳು ಹಿಂದುಳಿದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಎದ್ದ ಗದ್ದಲ ನೆನಪಿರಬಹುದು. ಒಲ್ಲದವರಿಗೆ ಬಾಳೆಹಣ್ಣು ಇತ್ತು, ಆದರೂ ಗದ್ದಲ. ಸಿ ಒಂದನ್ನು ಬಿಟ್ಟರೆ ಉಳಿದೆಲ್ಲ ಜೀವಸತ್ವಗಳೂ ಒಂದು ಮೊಟ್ಟೆಯಲ್ಲಿವೆ. ತಿನ್ನುವವರ ತಟ್ಟೆಯಿಂದ ಅದನ್ನು ಕಿತ್ತುಕೊಳ್ಳುವ ಹಕ್ಕು ತಿನ್ನದವರಿಗೆ ಯಾರು ಕೊಟ್ಟರು?

ಪಥ್ಯದ ಹೆಸರಿನಲ್ಲಿ ಕ್ಷಯರೋಗಿಗೆ ಮೊಸರು ಬೇಡ, ಬಾಳೆಹಣ್ಣು ಬೇಡ, ಮೊಟ್ಟೆ ಉಷ್ಣ ಎಂದು ಗಂಜಿಯಲ್ಲೇ ಇಡುವ ಮನೆಗಳನ್ನು ನಾವು ಕಂಡಿದ್ದೇವೆ. ಇದು ಪಥ್ಯವಲ್ಲ, ಉಪವಾಸ. ಇನ್ನೊಂದು ಸಂಗತಿ, ಗಂಡಸರಿಗೆ ರುಚಿಸಲಿಕ್ಕಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸಿನ ತಟ್ಟೆಗೆ ಬೇಳೆಯ ತಿಳಿ ಮಾತ್ರ ಉಳಿದಿರುತ್ತದೆ. ರೋಗಿಯ ಹಾಸಿಗೆಯ ಹತ್ತಿರ ಹಗಲೂ ರಾತ್ರಿ ಇರುವವಳೂ ಅವಳೇ.

ಸರಕಾರ ಏನು ಕೊಡುತ್ತದೆಂಬುದೂ ತಿಳಿದಿರಲಿ. ಕ್ಷಯರೋಗಿಯ ಊಟಕ್ಕೆಂದು ಬ್ಯಾಂಕಿನ ಖಾತೆಗೆ ಹಣ ಹಾಕುವ ನಿಕ್ಷಯ್ ಪೋಷಣ ಯೋಜನೆ 2018ರ ಏಪ್ರಿಲಿನಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾಗಿ 2024ರ ನವೆಂಬರಿನಿಂದ 1,000 ರೂಪಾಯಿ ಆಯಿತು. ಹೆಚ್ಚಿಸಿದ್ದು ಸರಿ. ಆದರೆ ಇದು ರೋಗಿಗೆ. ಮನೆಯ ಉಳಿದವರ ಆಹಾರದ ಗಂಟನ್ನು ದಾನಿಗಳ ಔದಾರ್ಯಕ್ಕೆ ಬಿಡಲಾಗಿದೆ. ಅರ್ಧದಷ್ಟು ರೋಗ ತಡೆಯುವ ಉಪಾಯ ಕೈಯಲ್ಲಿದ್ದು, ಅದರ ಬೆಲೆ ತಲೆಗೆ ಕೆಲವು ನೂರು ರೂಪಾಯಿಯಾಗಿದ್ದು, ಅದನ್ನು ಯಾರಾದರೂ ಪುಣ್ಯವಂತರು ಕೊಡಲಿ ಎಂದು ಕಾಯುವುದೇಕೆ? 2023ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಕ್ಷಯ ಬಂದ ಸುಮಾರು 1 ಕೋಟಿ 8 ಲಕ್ಷ ಜನರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ನಮ್ಮ ದೇಶದವರು. ಮಾತ್ರೆ ಹೇಗೆ ಕೇಳದೆ ಸಿಗುತ್ತದೆಯೋ ಹಾಗೆ ರೋಗಿಯ ಮನೆಯ ಪ್ರತಿಯೊಬ್ಬರಿಗೂ ಆರು ತಿಂಗಳು ಅಕ್ಕಿ ಬೇಳೆ ಪಡಿತರ ಅಂಗಡಿಯಲ್ಲೇ ಸಿಗಬೇಕು. ಇದನ್ನು ನಾವು ಕೇಳುತ್ತೇವೆ, ಕೇಳುತ್ತಲೇ ಇರುತ್ತೇವೆ.

ಅಲ್ಲಿಯವರೆಗೆ ಇಷ್ಟು ಮಾಡಿರಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಸರಕಾರಿ ದವಾಖಾನೆಯಲ್ಲಿ ಕಫದ ಪರೀಕ್ಷೆ ಮಾಡಿಸಿ, ಅದಕ್ಕೆ ದುಡ್ಡಿಲ್ಲ. ಮನೆಯಲ್ಲಿ ಒಬ್ಬರಿಗೆ ರೋಗವಿದ್ದರೆ ಉಳಿದವರೆಲ್ಲರನ್ನೂ ತೋರಿಸಿ, ರೋಗ ಬರದಂತೆ ತಡೆಯುವ ಮಾತ್ರೆಯನ್ನು ಕೇಳಿ, ಅದೂ ಪುಕ್ಕಟೆ. ಐಸೋನಿಯಾಜಿಡ್ ಮಾತ್ರೆಯ ಜೊತೆ ಬಿ6 ಎಂಬ ಸಣ್ಣ ಮಾತ್ರೆ ಕೊಟ್ಟರೆ ಅದನ್ನು ಟಾನಿಕ್ಕೆಂದು ಬಿಡಬೇಡಿ. ಮುಖ್ಯ ಮಾತ್ರೆ ಕೈಕಾಲಿನ ನರಗಳಿಗೆ ಜೋಮು ಹಿಡಿಸದಂತೆ ಅದು ಕಾಯುತ್ತದೆ. ಆ ಒಂದು ಜೀವಸತ್ವದ ಮಾತ್ರೆಗೆ ನಮ್ಮ ತಕರಾರಿಲ್ಲ.

ನಮ್ಮ ಮಿತ್ರರ ಬಾಟಲಿಯನ್ನು ಔಷಧಿ ಅಂಗಡಿಯವರು ತಿರುಗಿ ತೆಗೆದುಕೊಳ್ಳಲಿಲ್ಲ. ಅವರ ಕೇರಿಯ ಕಿರಾಣಿ ವ್ಯಾಪಾರಿಯೊಬ್ಬರು ಬೇಳೆಯನ್ನು ತಿಂಗಳ ಲೆಕ್ಕದಲ್ಲಿ ಬರೆದುಕೊಂಡು ಕೊಡಲು ಒಪ್ಪಿದರು. ಅದೇ ಅಂಗಡಿಯ ಚೀಲ ತೂಗುವ ಕಾಟಾದ ಮೇಲೆ ಅಣ್ಣನನ್ನು ನಿಲ್ಲಿಸಿ ನೋಡಿದೆವು: 43 ಕಿಲೋ. ನೂರನೇ ಐದು ಪಾಲೆಂದರೆ ಎರಡು ಕಿಲೋದ ಮೇಲೆ ಸ್ವಲ್ಪ. ತಾರೀಖು ಸಮೇತ ದವಾಖಾನೆಯ ಪುಸ್ತಕದ ಹಿಂದೆ ಬರೆದಿಟ್ಟಿದ್ದೇವೆ. ಎರಡು ತಿಂಗಳು ತುಂಬಿದ ದಿನ ಮತ್ತೆ ಅದೇ ಕಾಟಾದ ಮೇಲೆ ನಿಲ್ಲುವುದಾಗಿ ಒಪ್ಪಿದ್ದಾರೆ.